ದೊಡ್ಡ ಮಾಂತ್ರಿಕ ವಸ್ತು ಕೊಟ್ಟೂ ಆಟ ಕೆಡದ ಹಾಗೆ ನೋಡಿಕೊಂಡ ಬಗೆ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅಂದರೆ ಒಬ್ಬೊಬ್ಬರೂ ಒಂದು ಪಾತ್ರವಾಗಿ ಡೈಸ್ ಹಾಕಿ ಆಡುವ ಕಥೆಯ ಆಟ. ಅದನ್ನು ನಾನು ಡಿಎಂ ಆಗಿ, ಅಂದರೆ ಕಥೆ ಹೇಳುತ್ತಾ ಶತ್ರುಗಳನ್ನು ಆಡಿಸುತ್ತಾ, ನಡೆಸುತ್ತೇನೆ. 2014ರ ಐದನೇ ಆವೃತ್ತಿಯ ನಿಯಮಗಳೇ ನಮ್ಮವು. ಆಟಗಾರರ ಕೈಗೆ ದೊಡ್ಡ ಮಾಂತ್ರಿಕ ವಸ್ತು ಕೊಡುವುದು ನನಗೆ ತುಂಬಾ ಇಷ್ಟ. ಕೊಟ್ಟರೆ ಆಟ ಕೆಡುತ್ತದೆ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಡ್ರ್ಯಾಗನ್ ಬೇಗ ಸತ್ತರೆ ಏನೂ ತೊಂದರೆಯಿಲ್ಲ. ನಾಲ್ವರಲ್ಲಿ ಒಬ್ಬನೇ ಎಲ್ಲ ಮಾಡಿ, ಉಳಿದ ಮೂವರು ಸುಮ್ನೆ ಕೂತರೆ ಅದು ತೊಂದರೆ. ನಾನು ತೂಗಿ ನೋಡುವುದು ಅದನ್ನೇ.

ಅದಕ್ಕೇ ಕತ್ತಿಗಿಂತ ಕವಚದ ಬಗ್ಗೆ ನನಗೆ ಎಚ್ಚರ ಜಾಸ್ತಿ. ಇಪ್ಪತ್ತು ಮುಖದ ಡೈಸ್‌ನಲ್ಲಿ ಒಂದು ಅಂಕಿ ಅಂದರೆ 5%. ಪ್ಲೇಟ್ ಆರ್ಮರ್ ತೊಟ್ಟು ಶೀಲ್ಡ್ ಹಿಡಿದ ಫೈಟರ್‌ನ ಎಸಿ, ಅಂದರೆ ಅವನಿಗೆ ಏಟು ತಾಗಬೇಕಾದರೆ ಶತ್ರು ಮುಟ್ಟಬೇಕಾದ ಅಂಕಿ, 20. ಡೈಸ್‌ಗೆ +4 ಸೇರಿಸಿಕೊಳ್ಳುವ ಗಾಬ್ಲಿನ್ (ಒಂದು ಸಣ್ಣ ರಾಕ್ಷಸ) ಅವನಿಗೆ ಹೊಡೆಯಬೇಕಾದರೆ 16 ಅಥವಾ ಹೆಚ್ಚು ಬೀಳಬೇಕು. ಅಂದರೆ 25% ಅವಕಾಶ. ಕವಚಕ್ಕೆ +2, ಶೀಲ್ಡ್‌ಗೆ +1 ಸೇರಿತು ಅನ್ನಿ. ಎಸಿ 23 ಆಗುತ್ತದೆ, ಗಾಬ್ಲಿನ್‌ಗೆ ಉಳಿಯುವುದು ಬರೀ 10%. ಸರಿ, +9 ಇರುವ ದೊಡ್ಡ ರಾಕ್ಷಸನನ್ನು ತರೋಣ ಅಂದರೆ? ಫೈಟರ್‌ಗೆ ಪೆಟ್ಟು ಬೀಳುವ ಅವಕಾಶ 35%. ಪಕ್ಕದಲ್ಲಿ ಎಸಿ 12ರ ವಿಝರ್ಡ್ (ಮಂತ್ರವಾದಿ) ನಿಂತಿದ್ದಾನಲ್ಲ, ಅವನಿಗೆ 90%! ಕವಚ ಒಬ್ಬನದು, ಏಟು ಇನ್ನೊಬ್ಬನಿಗೆ. ಹೀಗಾಗಿ ಕವಚದ ಪ್ಲಸ್‌ಗಳನ್ನು ನಾನು ತುಂಬಾ ತಡವಾಗಿ ಕೊಡುತ್ತೇನೆ. ಕೊಟ್ಟ ಮೇಲೆ ರಾಕ್ಷಸರ ಅಂಕಿ ಏರಿಸುವುದಿಲ್ಲ. ಬದಲಿಗೆ ಸೇವಿಂಗ್ ಥ್ರೋ (ದಾಳಿಗೆ ಗುರಿಯಾದವನೇ ತಪ್ಪಿಸಿಕೊಳ್ಳಲು ಹಾಕುವ ಡೈಸ್) ಕೇಳುವ ದಾಳಿಗಳನ್ನು ಬೆರೆಸುತ್ತೇನೆ. ಅಲ್ಲಿ ಎಸಿ ಲೆಕ್ಕಕ್ಕೇ ಬರುವುದಿಲ್ಲ.

ಕತ್ತಿ ಕೊಡುವ ಮುಂಚೆ ಸರಾಸರಿ ಲೆಕ್ಕ ಹಾಕುತ್ತೇನೆ. ನಿಯಮದ ಪುಸ್ತಕದಲ್ಲಿ 'ರೇರ್' (ಅಪರೂಪದ ವಸ್ತು) ಅಂತ ಬರೆದಿದ್ದರೆ ಅಷ್ಟು ಸಾಲದು. +2 ಕತ್ತಿಯೂ ರೇರ್, ಬೆಂಕಿ ಹೊತ್ತಿಕೊಳ್ಳುವ ಕತ್ತಿಯಾದ ಫ್ಲೇಮ್ ಟಂಗ್ ಕೂಡ ರೇರ್. ಗ್ರೇಟ್‌ಸೋರ್ಡ್ ಹಿಡಿದ, ಸ್ಟ್ರೆಂತ್ 18ರ ಐದನೇ ಲೆವೆಲ್ ಫೈಟರ್ ಎಸಿ 15ರ ಶತ್ರುವಿಗೆ ಎರಡು ಏಟು ಹಾಕಿದರೆ ಒಂದು ರೌಂಡ್‌ಗೆ ಸರಾಸರಿ 14.3 ಡ್ಯಾಮೇಜ್. +2 ಕತ್ತಿಯಲ್ಲಿ ಅದು 19.5. ಫ್ಲೇಮ್ ಟಂಗ್‌ನಲ್ಲಿ 23.4. (20 ಬಿದ್ದಾಗ ಡ್ಯಾಮೇಜ್ ಡೈಸ್ ದುಪ್ಪಟ್ಟಾಗುವ ಕ್ರಿಟಿಕಲ್ ಏಟು ಬಿಟ್ಟು ಹಾಕಿದ ಲೆಕ್ಕ ಇದು.)

ಆದರೂ ನಾನು ಫ್ಲೇಮ್ ಟಂಗ್ ಅನ್ನೇ ಕೊಟ್ಟೆ, ಏನೂ ಕಡಿಮೆ ಮಾಡದೆ. ಯಾಕೆಂದರೆ ಅದಕ್ಕೆ ತೆರಬೇಕಾದ ಬೆಲೆ ಅದರಲ್ಲೇ ಇದೆ. ಉರಿಯುವಾಗ 40 ಅಡಿವರೆಗೆ ಜೋರು ಬೆಳಕು, ಅದರಾಚೆ ಇನ್ನೂ 40 ಅಡಿ ಮಂದ ಬೆಳಕು. ಕತ್ತಲಲ್ಲಿ ನುಸುಳುವಾಗ ಅದನ್ನು ಆರಿಸಿಯೇ ಇಡಬೇಕು. ಆಗ ಕೆಲಸ ರೋಗ್‌ನ (ಕಳ್ಳಹೆಜ್ಜೆಯಲ್ಲಿ ನುಸುಳುವ ಪಾತ್ರ) ಕೈಗೆ ಬರುತ್ತದೆ. ಟ್ರೋಲ್ ಎದುರಾದಾಗ ಮತ್ತೆ ಫೈಟರ್‌ನ ಸರದಿ. ಟ್ರೋಲ್‌ಗೆ ಪ್ರತಿ ಸರದಿಯಲ್ಲೂ 10 ಹಿಟ್ ಪಾಯಿಂಟ್ (ಜೀವದ ಅಂಕ) ವಾಪಸ್ ಬರುತ್ತದೆ, ಬೆಂಕಿ ತಗುಲಿದರೆ ಮುಂದಿನ ಸರದಿಯಲ್ಲಿ ಬರುವುದಿಲ್ಲ. ಬೆಂಕಿಯ ಕತ್ತಿ ಸಿಕ್ಕ ಮೇಲೆ ಬರುವ ಶತ್ರುಗಳಿಗೆಲ್ಲ ಬೆಂಕಿ ತಾಗದ ಹಾಗೆ ಮಾಡುವುದು ಆಟಗಾರನಿಗೆ ಮಾಡುವ ಅನ್ಯಾಯ. ಕೊಟ್ಟಿದ್ದು ಉಪಯೋಗಕ್ಕೆ ಬರಬೇಕು, ಅಲ್ವಾ?

ವಾಂಡ್ ಆಫ್ ಫೈರ್‌ಬಾಲ್ಸ್ (ಬೆಂಕಿಯುಂಡೆ ಎಸೆಯುವ ಮಂತ್ರದಂಡ) ವಿಷಯ ಬೇರೆ. ಐದನೇ ಲೆವೆಲ್ ವಿಝರ್ಡ್‌ಗೆ ಫೈರ್‌ಬಾಲ್‌ನಂಥ ಮಂತ್ರ ಹಾಕಲು ಬೇಕಾದ ಮೂರನೇ ಹಂತದ ಸ್ಲಾಟ್ ಎರಡೇ. ಈ ವಾಂಡ್‌ನಲ್ಲಿ 7 ಚಾರ್ಜ್ (ಮಂತ್ರ ಹಾಕುವಾಗ ಖರ್ಚಾಗುವ ಶಕ್ತಿ), ಬೆಳಗಾದರೆ 1ಡಿ6+1 (ಆರು ಮುಖದ ಒಂದು ಡೈಸ್ ಹಾಕಿ ಬಂದದ್ದಕ್ಕೆ ಒಂದು ಸೇರಿಸಿ) ವಾಪಸ್. ದಿನಕ್ಕೆ ಒಂದೇ ಕಾಳಗ ಇಟ್ಟರೆ ಬೇರೆಯವರು ಡೈಸ್ ಮುಟ್ಟುವುದರೊಳಗೆ ಎಲ್ಲ ಸುಟ್ಟು ಬೂದಿ. ನಾನು 3 ಚಾರ್ಜ್‌ನ ವಾಂಡ್ ಕೊಟ್ಟೆ. ಲೆವೆಲ್ ಏರಿದ ಹಾಗೆ ಚಾರ್ಜ್ ಬೆಳೆಯುತ್ತದೆ, ಒಂಬತ್ತನೇ ಲೆವೆಲ್‌ಗೆ ಪೂರ್ತಿ 7 ಅಂತ ಮೊದಲೇ ಹೇಳಿದೆ. ಆಟಗಾರ ಖುಷಿಯಿಂದಲೇ ಒಪ್ಪಿದ. ದಿನಕ್ಕೆ ಮೂರು ನಾಲ್ಕು ಕಾಳಗವಾದರೂ ಇರಲಿ ಅಂತಲೂ ನೋಡಿಕೊಂಡೆ.

ಬ್ರೂಮ್ ಆಫ್ ಫ್ಲೈಯಿಂಗ್ (ಹಾರುವ ಪೊರಕೆ) ಪುಸ್ತಕದಲ್ಲಿ ರೇರ್‌ಗಿಂತ ಕೆಳಗಿನ 'ಅನ್‌ಕಾಮನ್' ಅಷ್ಟೇ, ಅಟ್ಯೂನ್‌ಮೆಂಟ್ (ವಸ್ತುವಿನ ಜೊತೆ ನಂಟು ಬೆಸೆದುಕೊಳ್ಳುವುದು) ಕೂಡ ಬೇಡ. ನಮ್ಮಲ್ಲಿ ಅದಕ್ಕೂ ಅಟ್ಯೂನ್‌ಮೆಂಟ್ ಬೇಕು. ಒಬ್ಬರಿಗೆ ಹಾಗೆ ನಂಟು ಬೆಸೆದ ಮೂರೇ ವಸ್ತುಗಳ ಮಿತಿ ಇರುವುದರಿಂದ ಹಾರಬೇಕೆಂದವರು ಇನ್ನೇನನ್ನೋ ಬಿಡಬೇಕಾಗುತ್ತದೆ.

ಏನನ್ನೇ ಕೊಟ್ಟರೂ ಜೊತೆಗೆ ಒಂದು ಮಾತು ಹೇಳುತ್ತೇನೆ: ಎರಡು ಸೆಷನ್ ಆಡೋಣ, ಆಮೇಲೆ ಎಲ್ಲರೂ ಕೂತು ನೋಡೋಣ. ಬದಲಾಯಿಸಬೇಕಾದರೆ ಆಟದ ಹೊರಗೆ, ನೇರವಾಗಿ ಕೇಳಿ ಬದಲಾಯಿಸುತ್ತೇನೆ. ಕಥೆಯೊಳಗೆ ಕಳ್ಳನನ್ನು ಕಳಿಸಿ ಕದಿಸುವುದಿಲ್ಲ.