ವಿಶ್ವದ ವಕ್ರತೆ ಅಳೆಯುವುದು ಹೇಗೆ

ಮೊದಲು ಉದ್ದ ಗೊತ್ತಿರುವ ಅಳತೆಗೋಲು ಬೇಕು. ಆದಿ ವಿಶ್ವದ ಪ್ಲಾಸ್ಮಾದಲ್ಲಿ ಶಬ್ದದ ಅಲೆ ಕ್ರಮಿಸಿದ ದೂರವೇ ಅದು: ಇಂದಿನ ಲೆಕ್ಕಕ್ಕೆ ಹಿಗ್ಗಿಸಿದರೆ ಸುಮಾರು 145 ಮೆಗಾಪಾರ್ಸೆಕ್ (ಒಂದು ಮೆಗಾಪಾರ್ಸೆಕ್ ಎಂದರೆ ಸುಮಾರು 32.6 ಲಕ್ಷ ಜ್ಯೋತಿರ್ವರ್ಷ).

ಸೂಕ್ಷ್ಮತರಂಗ ಹಿನ್ನೆಲೆಯ, ಅಂದರೆ ಆ ಆದಿ ವಿಶ್ವದಿಂದ ಇಂದಿಗೂ ಬರುತ್ತಿರುವ ಬೆಳಕಿನ, ನಕ್ಷೆಯಿಂದ ನಮ್ಮ ಗೆಲಾಕ್ಸಿಯ ಧೂಳಿನ ಹೊಳಪನ್ನು ಕಳೆದು, ಉಷ್ಣತೆಯ ಏರಿಳಿತದ ಪವರ್ ಸ್ಪೆಕ್ಟ್ರಮ್ (ಯಾವ ಗಾತ್ರದ ಕಲೆಗಳಲ್ಲಿ ಏರಿಳಿತ ಎಷ್ಟು ಎಂಬ ಗ್ರಾಫ್) ತೆಗೆಯಿರಿ. ಮೊದಲ ಶಿಖರ ಮಲ್ಟಿಪೋಲ್ (ಕಲೆ ಚಿಕ್ಕದಾದಷ್ಟೂ ಹೆಚ್ಚುವ ಸಂಖ್ಯೆ) 220ರ ಆಸುಪಾಸು, ಅಂದರೆ ಆಕಾಶದಲ್ಲಿ ಸುಮಾರು 1 ಡಿಗ್ರಿಯಷ್ಟು ಅಗಲದ ಕಲೆ. ಚಪ್ಪಟೆ (ವಕ್ರತೆಯಿಲ್ಲದ) ವಿಶ್ವ ಕೊಡಬೇಕಾದದ್ದು ಇದನ್ನೇ. ಮುಚ್ಚಿದ (ಗೋಳದಂತೆ ಬಾಗಿದ) ವಿಶ್ವದಲ್ಲಿ ಕಲೆ ಹಿಗ್ಗಿ ಕಾಣುತ್ತದೆ, ಶಿಖರ ಎಡಕ್ಕೆ ಸರಿಯುತ್ತದೆ, ತೆರೆದದ್ದರಲ್ಲಿ (ಕುದುರೆಯ ಜೀನಿನಂತೆ ಬಾಗಿದ್ದರಲ್ಲಿ) ಬಲಕ್ಕೆ.

ಎಷ್ಟೋ ಸಲ ಎಡವುವುದು ಇಲ್ಲೇ. ಹಬಲ್ ಸ್ಥಿರಾಂಕವನ್ನು (ವಿಶ್ವ ಇಂದು ಹಿಗ್ಗುತ್ತಿರುವ ದರ) ತಗ್ಗಿಸಿದರೆ ಮುಚ್ಚಿದ ವಿಶ್ವವೂ ಅದೇ ಕೋನ ತೋರಿಸಿಬಿಡುತ್ತದೆ! ಹಾಗಾಗಿ ಅದೇ ಗೋಲನ್ನು ಗೆಲಾಕ್ಸಿಗಳ ಹಂಚಿಕೆಯಲ್ಲಿ, ನಮಗೆ ಹೆಚ್ಚು ಹತ್ತಿರದ ದೂರಗಳಲ್ಲಿ, ಅಂದರೆ ಕಡಿಮೆ ರೆಡ್‌ಶಿಫ್ಟ್‌ಗಳಲ್ಲಿ, ಮತ್ತೆ ಅಳೆಯಲೇಬೇಕು. ಪ್ಲಾಂಕ್ ಉಪಗ್ರಹದ 2018ರ ದತ್ತಾಂಶದೊಂದಿಗೆ ಇದನ್ನು ಕೂಡಿಸಿದಾಗ ವಕ್ರತೆಯ ಪಾಲು (ಪೂರ್ತಿ ಚಪ್ಪಟೆಯಾದರೆ ಸೊನ್ನೆ) 0.001, ಅನಿಶ್ಚಿತತೆ 0.002.