ಡ್ರಕೋನಿಯನ್: ಎಲ್ಲಿ ಹಾಕಬೇಕು, ಎಲ್ಲಿ ಬೇಡ

ಮುಧೋಳದಲ್ಲಿ ಸಂಜೆ ಹೊತ್ತು ಪೊಲೀಸ್, ಬ್ಯಾಂಕ್ ಪರೀಕ್ಷೆಗೆ ಓದುವ ಹುಡುಗರಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಇಂಗ್ಲಿಷ್ ಪೇಪರ್ ಓದಿಸುವಾಗ ಅವರು ತಡವರಿಸುವ ಪದಗಳಲ್ಲಿ ‘ಡ್ರಕೋನಿಯನ್’ ಒಂದು. ಹೇಳುವಾಗ ಒತ್ತು ‘ಕೋ’ ಮೇಲೆ ಬೀಳಬೇಕು. ಡ್ರ್ಯಾಗನ್ ನೆನಪಾಗಿ ‘ಡ್ರ್ಯಾಗೋನಿಯನ್’ ಅನ್ನಬೇಡಿ.

ಅರ್ಥ: ವಿಪರೀತ ಕಠೋರವಾದದ್ದು. ಆದರೆ ಕಠೋರವಾದದ್ದಕ್ಕೆಲ್ಲ ಇದು ಹೊಂದುವುದಿಲ್ಲ. ತಪ್ಪು ಎಷ್ಟು, ಶಿಕ್ಷೆ ಎಷ್ಟು ಅಂತ ಕೇಳಿಕೊಳ್ಳಿ. ಗುಬ್ಬಿ ಮೇಲೆ ಬ್ರಹ್ಮಾಸ್ತ್ರ ಅನ್ನಿಸಿದರೆ ಈ ಪದ ಹಾಕಿ.

ಹೆಸರು ಬಂದದ್ದು ಗ್ರೀಸಿನ ಅಥೆನ್ಸ್‌ನ ಡ್ರೇಕೋ ಎಂಬಾತನಿಂದ. ಸುಮಾರು ಕ್ರಿ.ಪೂ. 621ರಲ್ಲಿ ಆತ ಅಲ್ಲಿನ ಕಾನೂನನ್ನು ಮೊದಲ ಸಲ ಬರೆದಿಟ್ಟ. ಅಲ್ಲಿಯವರೆಗೆ ಎಲ್ಲ ಬಾಯಿಮಾತು, ದೊಡ್ಡ ಮನೆತನದವರು ಹೇಳಿದ್ದೇ ನ್ಯಾಯ. ಬರೆದಿಟ್ಟದ್ದು ಒಳ್ಳೆಯದೇ ಆಯ್ತು, ಆ ಪುಣ್ಯ ಮಾತ್ರ ಆತನ ಹೆಸರಿಗೆ ಅಂಟಲಿಲ್ಲ. ಕಾಯಿಪಲ್ಲೆ, ಹಣ್ಣು ಕದ್ದರೂ ಮರಣದಂಡನೆ ಇತ್ತು ಅಂತ ಎಷ್ಟೋ ಕಾಲದ ಮೇಲೆ ಗ್ರೀಕ್ ಲೇಖಕ ಪ್ಲುಟಾರ್ಕ್ ಬರೆದಿದ್ದಾನೆ. ಯಾಕಪ್ಪಾ ಹೀಗೆ ಅಂತ ಡ್ರೇಕೋನನ್ನು ಕೇಳಿದರೆ, ಸಣ್ಣ ತಪ್ಪಿಗೆ ಇದೇ ಸರಿ, ದೊಡ್ಡದಕ್ಕೆ ಇದಕ್ಕಿಂತ ಹೆಚ್ಚಿನದು ಸಿಗಲಿಲ್ಲ ಅಂದನಂತೆ! ಕ್ರಿ.ಪೂ. 594ರಲ್ಲಿ ಅಥೆನ್ಸ್‌ನಲ್ಲಿ ಕಾನೂನು ಮಾಡಿದ ಇನ್ನೊಬ್ಬ, ಸೋಲನ್ ಬಂದು ಕೊಲೆಗೆ ಸಂಬಂಧಿಸಿದ್ದನ್ನು ಬಿಟ್ಟು ಉಳಿದದ್ದನ್ನೆಲ್ಲ ತೆಗೆದುಹಾಕಿದ.

ನಮ್ಮ ಹುಡುಗರಿಗೆ ಅಥೆನ್ಸ್‌ಗಿಂತ ಹಲಗಲಿ ಹೇಳಿದರೆ ಬೇಗ ಹತ್ತುತ್ತದೆ. ಇಲ್ಲೇ ನಮ್ಮ ಮುಧೋಳದ ಸೀಮೆಯ ಊರು. 1857ರಲ್ಲಿ ಬ್ರಿಟಿಷರು ಜನರ ಕೈಯಿಂದ ಆಯುಧ ಕಿತ್ತುಕೊಳ್ಳುವ ಕಾಯ್ದೆ ತಂದರು. ಬೇಟೆಯೇ ಬದುಕಾಗಿದ್ದ ಬೇಡರು ಕೊಡುವುದಿಲ್ಲ ಅಂದರು. ದಂಡು ಬಂದು ಊರಿಗೆ ಬೆಂಕಿ ಇಟ್ಟಿತು, ಮುಂದಾಳುಗಳನ್ನು ಗಲ್ಲಿಗೇರಿಸಿತು. ಲಾವಣಿ ಕೇಳಿದವರಿಗೆ ಜಡಗ, ಬಾಲ, ಹನುಮ, ರಾಮ ಹೆಸರು ಬಾಯಿಪಾಠ. ‘ಇಟ್ ವಾಸ್ ಎ ಡ್ರಕೋನಿಯನ್ ಲಾ’ ಅಂತ ಧೈರ್ಯವಾಗಿ ಬರೆಯಿರಿ.

ಲಾ, ರೂಲ್, ಪನಿಷ್‌ಮೆಂಟ್, ಮೆಷರ್ಸ್: ಇವುಗಳ ಮುಂದೆ ಇದು ಚೆನ್ನಾಗಿ ಕೂರುತ್ತದೆ. ಹತ್ತು ನಿಮಿಷ ತಡವಾಗಿ ಬಂದರೆ ರಾತ್ರಿ ಊಟ ಇಲ್ಲ ಅನ್ನುವ ಹಾಸ್ಟೆಲ್ ರೂಲ್‌ಗೂ ನಡೆಯುತ್ತದೆ, ಸ್ವಲ್ಪ ತಮಾಷೆಯಾಗಿ. ಮನುಷ್ಯನಿಗೆ ಹಾಕಬೇಡಿ. ಗೋಳು ಹೊಯ್ದುಕೊಳ್ಳುವ ಸಾಹೇಬ ‘ಟಿರಾನಿಕಲ್’, ಅವನು ಮಾಡಿದ ರೂಲ್ ‘ಡ್ರಕೋನಿಯನ್’. ಇನ್ನು ಏಪ್ರಿಲ್ ತಿಂಗಳ ನಮ್ಮ ಬಿಸಿಲು? ಉಸಿರು ಕಟ್ಟಿಸುತ್ತದೆ ನಿಜ, ಆದರೆ ಬಿಸಿಲು ಕಾಯ್ದೆ ಮಾಡುವುದಿಲ್ಲ ಅಲ್ವಾ? ಅದಕ್ಕೆ ‘ಒಪ್ರೆಸಿವ್’ ಅನ್ನಿ. ಅದರ ಲ್ಯಾಟಿನ್ ಬೇರಿನಲ್ಲೇ ಅದುಮುವುದು ಅಂತಿದೆ, ಹಾಗಾಗಿ ಸೆಖೆಗೂ ಸರಿ, ಸರ್ಕಾರಕ್ಕೂ ಸರಿ.

ಕೊನೆಗೆ, ಸುಮ್ನೆ ‘ವೆರಿ ಡ್ರಕೋನಿಯನ್’ ಅಂತ ಬರೆಯಬೇಡಿ. ‘ವೆರಿ’ ಆ ಪದದ ಒಳಗೇ ಇದೆ.