ಬ್ರೆಡ್ ತಿಂದು ಓಡುವ ಹಾಗಿಲ್ಲ: ಸೇನೆಯಲ್ಲಿ ಗೋಧಿ ಅಲರ್ಜಿ ಜೊತೆ ನನ್ನ ಅನುಭವ

ಬ್ರೆಡ್ ತಿಂದರೆ ನನಗೆ ಏನೂ ಆಗುವುದಿಲ್ಲ. ಓಡಿದರೂ ಏನೂ ಆಗುವುದಿಲ್ಲ. ಬ್ರೆಡ್ ತಿಂದು ಓಡಿದರೆ ಮಾತ್ರ ಜೀವಕ್ಕೇ ಕುತ್ತು. ಇದು ಗೊತ್ತಾಗುವ ಹೊತ್ತಿಗೆ ನಾನು ಸೇನೆ ಸೇರಿ ಆರು ವರ್ಷ ಆಗಿತ್ತು.

ಮೊದಲ ಸಲ ಆದದ್ದು ಒಂದು ಉದ್ದನೆಯ ಮಾರ್ಚ್‌ನಲ್ಲಿ. ಅಂಗೈ ತುರಿಸಲು ಶುರುವಾಯಿತು, ಆಮೇಲೆ ಕುತ್ತಿಗೆ, ಹೊಟ್ಟೆ ಮೇಲೆಲ್ಲ ಗಂದೆ ಎದ್ದವು. ಬೆವರಿಗೆ ಇರಬೇಕು, ಬಟ್ಟೆ ಒಗೆದ ಸೋಪಿಗೆ ಇರಬೇಕು ಅಂದುಕೊಂಡೆ. ಎರಡು ಗಂಟೆಯಲ್ಲಿ ತಾನೇ ಇಳಿಯಿತು. ಕೆಲವು ತಿಂಗಳ ನಂತರ ಮತ್ತೆ ಅದೇ ಕತೆ. ಎರಡೂ ಸಲ ಯಾರಿಗೂ ಹೇಳಲಿಲ್ಲ. ಮೆಡಿಕಲ್ ಕೆಟಗರಿ, ಅಂದರೆ ಸೇನೆ ಕೊಡುವ ಆರೋಗ್ಯದ ದರ್ಜೆ, ಇಳಿಸಿಬಿಟ್ಟರೆ, ಫೀಲ್ಡ್‌ನಿಂದ ತೆಗೆದು ಮೇಜಿನ ಕೆಲಸಕ್ಕೆ ಹಾಕಿಬಿಟ್ಟರೆ ಅಂತ ಭಯ. ಈ ಭಯ ನಮ್ಮಲ್ಲಿ ಎಲ್ಲರಿಗೂ ಇರುತ್ತದೆ. ಆದರೆ ನಾನು ಮಾಡಿದ್ದು ತಪ್ಪು, ಅದನ್ನು ಇಲ್ಲಿ ನೇರವಾಗಿ ಹೇಳಿಬಿಡುತ್ತೇನೆ.

ಮೂರನೇ ಸಲ ಬೆಳಿಗ್ಗೆ ನಾಲ್ಕು ಸ್ಲೈಸ್ ಬ್ರೆಡ್ ತಿಂದಿದ್ದೆ. ಮಂಡಿ ನೋವಿಗೆ ಒಂದು ಐಬುಪ್ರೊಫೆನ್ ಮಾತ್ರೆ ನುಂಗಿದ್ದೆ. ಮುಕ್ಕಾಲು ಗಂಟೆ ಬಿಟ್ಟು ಬೆನ್ನ ಮೇಲೆ 20 ಕಿಲೋ ಹೊತ್ತು ಓಟ ಶುರು. ಮೂರನೇ ಕಿಲೋಮೀಟರಿಗೆ ಅಂಗೈ ತುರಿಕೆ. ಕಿವಿ ಎರಡೂ ಕೆಂಡದ ಹಾಗೆ ಬಿಸಿಯಾದವು. ಬೂಟು ಯಾಕೋ ಬಿಗಿಯಾಗುತ್ತಿದೆ ಅನ್ನಿಸಿತು, ನಿಜಕ್ಕೂ ಊದುತ್ತಿದ್ದದ್ದು ಕಾಲು. ಹೊಟ್ಟೆ ಹಿಂಡಿದ ಹಾಗಾಯಿತು, ಕಣ್ಣಿಗೆ ಕತ್ತಲೆ ಬಂತು, ಅಲ್ಲೇ ಬಿದ್ದೆ. ಹಿಂದೆ ಬರುತ್ತಿದ್ದ ಮೆಡಿಕ್ ತೊಡೆಗೆ ಅಡ್ರಿನಲಿನ್ ಚುಚ್ಚಿ, ನನ್ನ ಕಾಲನ್ನು ಬೆನ್ನುಚೀಲದ ಮೇಲೆ ಎತ್ತಿಟ್ಟರು. ಅವರು ಇಲ್ಲದಿದ್ದರೆ ಇದನ್ನು ಬರೆಯಲು ನಾನು ಇರುತ್ತಿರಲಿಲ್ಲ. ಇನ್ನೊಂದು ಒಳ್ಳೆಯ ಕೆಲಸ ಅಂದರೆ, ಎರಡು ಗಂಟೆಯೊಳಗೆ ಟ್ರಿಪ್ಟೇಸ್ ಪರೀಕ್ಷೆಗೆ ರಕ್ತ ತೆಗೆಸಿದರು. ಜೋರಾದ ಅಲರ್ಜಿ ಆದಾಗ ರಕ್ತದಲ್ಲಿ ಏರುವ ಪ್ರೋಟೀನ್ ಅದು. ಅಲರ್ಜಿಯಿಂದ ಕುಸಿದದ್ದೋ ಬಿಸಿಲಿಗೆ ಕುಸಿದದ್ದೋ ಅಂತ ಹೇಳಲು ಆ ಅಂಕಿ ತುಂಬಾ ನೆರವಾಗುತ್ತದೆ. ತಡಮಾಡಿದರೆ ಅದು ಇಳಿದುಹೋಗುತ್ತದೆ.

ಆದರೂ ಕಾರಣ ಸಿಗಲು ತಿಂಗಳುಗಳೇ ಹಿಡಿದವು. ಗೋಧಿಗೆ ಮಾಡಿದ ಚರ್ಮದ ಪರೀಕ್ಷೆಯಲ್ಲಿ ಏನೂ ಕಾಣಲಿಲ್ಲ. "ದಿನಾ ತಿನ್ನುತ್ತೀರಿ, ಗೋಧಿ ಅಲ್ಲ ಬಿಡಿ" ಅಂದರು. ಆಮೇಲೆ ಅಲರ್ಜಿ ತಜ್ಞೆಯೊಬ್ಬರು ಒಂದೇ ಪ್ರಶ್ನೆ ಕೇಳಿದರು: "ಏನು ತಿಂದಿರಿ ಅನ್ನೋದು ಬಿಡಿ, ತಿಂದು ಎಷ್ಟು ಹೊತ್ತಿಗೆ ಓಡಿದಿರಿ?" ಮೂರೂ ಸಲದ ದಿನಚರಿ ನೆನಪು ಮಾಡಿಕೊಂಡು ಬರೆದು ಕೊಟ್ಟೆ. ಅವರು ಒಮೆಗಾ-5 ಗ್ಲಯಾಡಿನ್‌ಗೆ ರಕ್ತ ಪರೀಕ್ಷೆ ಬರೆದರು. ಗೋಧಿಯ ಗ್ಲುಟನ್‌ನಲ್ಲಿರುವ ಒಂದು ಪ್ರೋಟೀನ್ ಅದು. ಅಲ್ಲಿ ಸಿಕ್ಕಿಬಿತ್ತು.

ಇದಕ್ಕೆ ಹೆಸರಿದೆ: ಗೋಧಿ ತಿಂದು ವ್ಯಾಯಾಮ ಮಾಡಿದಾಗ ಬರುವ ಅನಾಫಿಲ್ಯಾಕ್ಸಿಸ್, ಅಂದರೆ ಜೀವಕ್ಕೇ ಅಪಾಯ ತರುವ ಅಲರ್ಜಿ ರಿಯಾಕ್ಷನ್. ಆಹಾರ ಮತ್ತು ಓಟ ಜೊತೆಗೂಡಿದಾಗಲೇ ಆಗುವ ಇಂಥ ರಿಯಾಕ್ಷನ್ ಬಗ್ಗೆ ವೈದ್ಯಕೀಯ ಲೋಕದಲ್ಲಿ ಮೊದಲ ವರದಿ ಬಂದದ್ದು 1979ರಲ್ಲಿ. ಅಲ್ಲಿ ಆಹಾರ ಚಿಪ್ಪು ಮೀನು. ಐಬುಪ್ರೊಫೆನ್, ಆಸ್ಪಿರಿನ್, ಮದ್ಯ ಇವೂ ಬೆಂಕಿಗೆ ತುಪ್ಪ ಸುರಿಯುತ್ತವೆ. ನಾನು ಅವತ್ತು ಮೂರನ್ನು ಒಟ್ಟಿಗೆ ಕೂಡಿಸಿದ್ದೆ: ಗೋಧಿ, ಮಾತ್ರೆ, ಓಟ.

ಬೇರೆ ಅಲರ್ಜಿ ಇರುವ ಸೈನಿಕರೂ ಇಲ್ಲಿ ಸ್ವಲ್ಪ ನಿಲ್ಲಬೇಕು. ಕಡಲೆಕಾಯಿ ಅಲರ್ಜಿ ಇರುವ ದೊಡ್ಡವರ ಮೇಲೆ ಬ್ರಿಟನ್‌ನಲ್ಲಿ ಮಾಡಿ 2019ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇದೆ. ರಿಯಾಕ್ಷನ್ ಶುರುವಾಗಲು ಬೇಕಾದ ಪ್ರಮಾಣ ವ್ಯಾಯಾಮದಿಂದ ಸುಮಾರು 45% ಇಳಿಯಿತು, ನಿದ್ದೆಗೆಟ್ಟಾಗಲೂ ಅಷ್ಟೇ ಇಳಿಯಿತು. ನಿದ್ದೆ ಇಲ್ಲ, ಮೈ ದಣಿದಿದೆ ಅಂದರೆ ಅದು ನಮ್ಮ ಸಾಮಾನ್ಯ ದಿನವೇ ಅಲ್ವಾ? ಹಾಗಾಗಿ "ಮನೆಯಲ್ಲಿ ಇಷ್ಟು ತಿಂದರೆ ಏನೂ ಆಗಲ್ಲ" ಅನ್ನುವ ಲೆಕ್ಕ ಫೀಲ್ಡ್‌ನಲ್ಲಿ ನಡೆಯುವುದಿಲ್ಲ.

ಗೋಧಿ ತಿಂದ ಮೇಲೆ ಕನಿಷ್ಠ ನಾಲ್ಕರಿಂದ ಆರು ಗಂಟೆ ಓಡಬೇಡಿ ಅಂತ ಡಾಕ್ಟರ್ ಹೇಳಿದರು. ಕಚೇರಿಗೆ ಹೋಗುವವರಿಗೆ ಇದು ಸಾಕು. ನಮಗೆ ರಾತ್ರಿ ಎರಡು ಗಂಟೆಗೆ ಸೀಟಿ ಊದಿದರೆ ಎದ್ದು ಓಡಬೇಕು. ಊಟ ಎಷ್ಟು ಗಂಟೆಗೆ ಮಾಡಿದ್ದೆ ಅಂತ ಸೀಟಿ ಕೇಳುವುದಿಲ್ಲ. ಅದಕ್ಕೇ ನಾನು ಗಂಟೆ ಎಣಿಸುವುದನ್ನು ಬಿಟ್ಟೆ, ಗೋಧಿಯನ್ನೇ ಬಿಟ್ಟೆ. ರಜೆಯಲ್ಲೂ ತಿನ್ನುವುದಿಲ್ಲ. ಬಾರ್ಲಿ, ರೈ ಅನ್ನುವ ಧಾನ್ಯ ಕೂಡ ಬೇಡ ಅಂದರು, ಅವುಗಳಲ್ಲೂ ಅದೇ ಜಾತಿಯ ಪ್ರೋಟೀನ್ ಇದೆ.

ಕೆಟಗರಿ ಇಳಿಯಿತಾ ಅಂದರೆ, ಹೌದು, ಇಳಿಯಿತು. ಅನೇಕ ಸೇನೆಗಳು ಇಂಥ ಅಲರ್ಜಿ ಮೊದಲೇ ಇದ್ದವರನ್ನು ಸೇರಿಸಿಕೊಳ್ಳುವುದೇ ಇಲ್ಲ. ಸೇರಿದ ಮೇಲೆ ಬಂದರೆ ಆಸ್ಪತ್ರೆ ದೂರ ಇರುವ ಜಾಗಕ್ಕೆ ಕಳಿಸಲು ಹಿಂದೆಮುಂದೆ ನೋಡುತ್ತವೆ. ಒಂದು ವರ್ಷ ನಾನು ಬೇಸ್ ಬಿಟ್ಟು ಹೊರಗೆ ಹೋಗಲಿಲ್ಲ. ಆ ವರ್ಷ ಮನಸ್ಸಿಗೆ ತುಂಬಾ ಕಷ್ಟವಾಯಿತು. ಆದರೆ ದಾಖಲೆಯಲ್ಲಿ ಎಲ್ಲ ಇದ್ದದ್ದರಿಂದಲೇ ಮುಂದಿನ ವರ್ಷ ತಜ್ಞೆಯ ಪತ್ರ, ನನ್ನ ಊಟದ ಪುಸ್ತಕ, ಒಂದು ವರ್ಷ ರಿಯಾಕ್ಷನ್ ಆಗಿಲ್ಲ ಅನ್ನುವ ಸಾಕ್ಷಿ ಎಲ್ಲ ಮುಂದಿಟ್ಟು ಮತ್ತೆ ಅಭ್ಯಾಸಕ್ಕೆ ಹೋಗಲು ಅನುಮತಿ ಪಡೆದೆ. ಮುಚ್ಚಿಟ್ಟಿದ್ದರೆ ಕೇಳಲು ನನ್ನ ಹತ್ತಿರ ಏನೂ ಇರುತ್ತಿರಲಿಲ್ಲ.

ಈಗ ಮೆಸ್ ವಿಷಯ. ಇದೇ ಎಲ್ಲಕ್ಕಿಂತ ಜಾಸ್ತಿ ಕೆಲಸ. ಮೊದಲ ವಾರ ನಾನು ಸಾಲಿನಲ್ಲಿ ನಿಂತು "ಇದರಲ್ಲಿ ಗೋಧಿ ಇದೆಯಾ?" ಅಂತ ಕೇಳುತ್ತಿದ್ದೆ. ಬಡಿಸುವವರು ಇಲ್ಲ ಅನ್ನುತ್ತಿದ್ದರು. ಸುಳ್ಳು ಅಲ್ಲ, ಅವರ ಮನಸ್ಸಿನಲ್ಲಿ ಗೋಧಿ ಅಂದರೆ ಬ್ರೆಡ್ಡು. ಸಾರು ಗಟ್ಟಿಯಾಗಲು ಹಾಕಿದ ಮೈದಾ ಅವರಿಗೆ ಲೆಕ್ಕಕ್ಕೇ ಇಲ್ಲ. ಒಂದು ದಿನ ಬೆಳಿಗ್ಗೆ ನಾಲ್ಕಕ್ಕೆ ಅಡುಗೆಮನೆಗೆ ಹೋಗಿ ಮೂಲೆಯಲ್ಲಿ ನಿಂತು ಬರೀ ನೋಡಿದೆ. ಮೈದಾ ಕಲಸಿದ ನೀರು ಸಾರಿಗೆ ಬಿತ್ತು. ಸಾರಿನ ಸೌಟು ಅನ್ನದ ಪಾತ್ರೆಗೆ ಹೋಯಿತು. ಸೋಯಾ ಸಾಸ್ ಬಾಟಲಿ ತಿರುಗಿಸಿ ಓದಿದೆ, ಅದರಲ್ಲಿ ಗೋಧಿ. ಇನ್‌ಸ್ಟಂಟ್ ಸೂಪ್ ಪುಡಿಯಲ್ಲಿ ಗೋಧಿ, ಸಾಸೇಜ್‌ನಲ್ಲಿ ಗೋಧಿ. ನಾನು ಎಷ್ಟೋ ದಿನದಿಂದ ಗೋಧಿ ಬಿಟ್ಟೆ ಅಂದುಕೊಂಡು ತಿನ್ನುತ್ತಲೇ ಇದ್ದೆ!

ಆಮೇಲೆ ಪ್ರಶ್ನೆ ಬದಲಾಯಿಸಿದೆ. "ಗೋಧಿ ಇದೆಯಾ" ಅಂತ ಕೇಳುವುದಿಲ್ಲ, "ಇದಕ್ಕೆ ಏನೇನು ಹಾಕಿದ್ದೀರಿ ಅಣ್ಣಾ, ಗಟ್ಟಿ ಮಾಡಲು ಏನು ಹಾಕಿದಿರಿ, ಪ್ಯಾಕೆಟ್ ತೋರಿಸ್ತೀರಾ" ಅಂತ ಕೇಳುತ್ತೇನೆ. ಮುಖ್ಯ ಅಡುಗೆಯವರ ಜೊತೆ ಕೂತು ಮಾತಾಡಿದೆ. ನನ್ನ ಪಾಲನ್ನು ಮೈದಾ ಹಾಕುವ ಮೊದಲೇ ಸಣ್ಣ ಪಾತ್ರೆಗೆ ತೆಗೆದಿಡುವುದು, ಅದಕ್ಕೆ ಬೇರೆ ಸೌಟು, ನಾನು ಸಾಲಿನಲ್ಲಿ ಮೊದಲು ಬರುವುದು. ಇಷ್ಟೇ ಒಪ್ಪಂದ. ಮೊದಲು ಬಂದು ನಿಂತರೆ ಹಿಂದಿನವರು ಗೊಣಗುತ್ತಾರೆ, ಸಹಜ. ಕಾರಣವನ್ನು ಎಲ್ಲರೆದುರು ಒಮ್ಮೆ ಬಿಡಿಸಿ ಹೇಳಿದ ಮೇಲೆ ಯಾರೂ ಏನೂ ಅನ್ನಲಿಲ್ಲ.

ಒಂದು ವಿನಂತಿ. ಇಷ್ಟವಿಲ್ಲದ ತರಕಾರಿಗೆಲ್ಲ ಅಲರ್ಜಿ ಅಂತ ಹೇಳಬೇಡಿ. ನೀವು ಮಾಂಸ ತಿನ್ನದವರು, ಹಾಲು ಆಗದವರು, ನಂಬಿಕೆಯಿಂದ ಏನನ್ನೋ ಬಿಟ್ಟವರು ಆಗಿದ್ದರೆ ಅದನ್ನೇ ಹೇಳಿ, ಅದಕ್ಕೂ ಗೌರವ ಸಿಗಬೇಕು. ಆದರೆ ಅಲರ್ಜಿ ಅನ್ನುವ ಮಾತು ಅಗ್ಗವಾದರೆ, ನಿಜವಾಗಿ ಸಾಯುವವನ ತಟ್ಟೆಯ ಬಗ್ಗೆಯೂ ಅಡುಗೆಯವರು ಸಡಿಲ ಬಿಡುತ್ತಾರೆ.

ರೇಷನ್ ಪ್ಯಾಕ್‌ನಲ್ಲಿ ನಾನು ಬೇರೆಯೇ ತಪ್ಪು ಮಾಡಿದೆ. ಒಂದು ದಿನದ ಪ್ಯಾಕ್‌ನಲ್ಲಿ ಸಾಮಾನ್ಯವಾಗಿ 3,000ದಿಂದ 4,000 ಕಿಲೋಕ್ಯಾಲೊರಿ ಇರುತ್ತದೆ. ಬಿಸ್ಕತ್ತು, ನೂಡಲ್ಸ್, ಕೇಕ್ ತೆಗೆದುಹಾಕಿದರೆ ಅದರಲ್ಲಿ ದೊಡ್ಡ ಪಾಲೇ ಹೋಗುತ್ತದೆ. ಮೊದಲ ಅಭ್ಯಾಸದಲ್ಲಿ ತೆಗೆದೆ, ಬದಲಿಗೆ ಏನೂ ಇಡಲಿಲ್ಲ. ಮೂರನೇ ದಿನ ಕೈ ನಡುಗುತ್ತಿತ್ತು, ನಕ್ಷೆ ಓದಲು ತಲೆ ಓಡುತ್ತಿರಲಿಲ್ಲ. ಈಗ ಹೊರಡುವ ಮೂರು ದಿನ ಮೊದಲೇ ಪ್ಯಾಕ್ ಪಡೆದು, ಒಂದೊಂದನ್ನೂ ನೆಲದ ಮೇಲೆ ಹರಡಿ ಲೇಬಲ್ ಓದುತ್ತೇನೆ. ಹೋದ ಸಲ ಓದಿದ್ದೆ ಅಂತ ಬಿಡುವುದಿಲ್ಲ, ತಯಾರಿಕೆ ಬದಲಾಗುತ್ತಲೇ ಇರುತ್ತದೆ. ತೆಗೆದದ್ದನ್ನು ಗೆಳೆಯರ ಅನ್ನದ ಪೊಟ್ಟಣಕ್ಕೆ ಅದಲು ಬದಲು ಮಾಡಿ, ಒಣ ಹಣ್ಣು, ಬೀಜ, ಆಲೂಗಡ್ಡೆ ಪುಡಿ ಸೇರಿಸಿ ಕ್ಯಾಲೊರಿ ಕೂಡಿಸುತ್ತೇನೆ. ಚಾಕೊಲೇಟ್‌ನಲ್ಲಿ ಮಾಲ್ಟ್ ಇದೆಯಾ ನೋಡಿ, ಅದು ಸಾಮಾನ್ಯವಾಗಿ ಬಾರ್ಲಿಯದ್ದು.

ಅಡ್ರಿನಲಿನ್ ತುಂಬಿದ, ನಾವೇ ಚುಚ್ಚಿಕೊಳ್ಳಬಹುದಾದ ಪೆನ್ ಎರಡು ಇರಲೇಬೇಕು. ಒಂದು ಚುಚ್ಚಿ 5ರಿಂದ 15 ನಿಮಿಷದಲ್ಲಿ ಸುಧಾರಿಸದಿದ್ದರೆ ಎರಡನೆಯದು ಬೇಕು. ಅದನ್ನು 20ರಿಂದ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕು ಅನ್ನುತ್ತಾರೆ, ಬಿಸಿಲಲ್ಲಿ ನಿಂತ ವಾಹನದ ಒಳಗೆ ಅದು ಎಲ್ಲಿ ಸಾಧ್ಯ? ವಾಹನದಲ್ಲಿ ಬಿಡುವುದೇ ಇಲ್ಲ. ಬಿಸಿಲಲ್ಲಿ ಶಾಖ ತಡೆಯುವ ಚೀಲ, ಚಳಿಯಲ್ಲಿ ಒಳ ಅಂಗಿಯ ಜೇಬು. ಪ್ರತಿ ವಾರ ಪೆನ್‌ನ ಪುಟ್ಟ ಕಿಟಕಿಯಲ್ಲಿ ಔಷಧ ತಿಳಿಯಾಗಿದೆಯಾ ನೋಡುತ್ತೇನೆ, ಬಣ್ಣ ತಿರುಗಿದ್ದರೆ ಬದಲಾಯಿಸಬೇಕು. ಇನ್ನೊಂದು, ಬಲ ತೊಡೆಯ ಜೇಬನ್ನು ಯಾವಾಗಲೂ ಖಾಲಿ ಇಟ್ಟಿರುತ್ತೇನೆ. ಪ್ಯಾಂಟ್ ಮೇಲೇ ಚುಚ್ಚಬಹುದು, ಆದರೆ ಜೇಬಿನಲ್ಲಿ ಟಾರ್ಚೋ ಡೈರಿಯೋ ಇದ್ದರೆ ಸೂಜಿ ಅದಕ್ಕೇ ಹೋಗುತ್ತದೆ. ತೊಡೆಯ ಹೊರಭಾಗಕ್ಕೇ ಚುಚ್ಚಬೇಕು.

ಸೆಕ್ಷನ್‌ನ, ಅಂದರೆ ನಮ್ಮ ಸಣ್ಣ ತಂಡದ, ಎಂಟೂ ಜನ ಸೂಜಿ ಇಲ್ಲದ ಅಭ್ಯಾಸದ ಪೆನ್‌ನಲ್ಲಿ ತರಬೇತಿ ಮಾಡಿದ್ದಾರೆ. ಕತ್ತಲಲ್ಲಿ, ಕೈಗವಸು ಹಾಕಿಕೊಂಡು. ಮೊದಲು ಚುಚ್ಚಿ, ಆಮೇಲೆ ರೇಡಿಯೋ ಅಂತ ಹೇಳಿಕೊಟ್ಟಿದ್ದೇನೆ. ಅಲರ್ಜಿ ಮಾತ್ರೆ ತುರಿಕೆಗೆ ಸರಿ, ಕುಸಿಯುತ್ತಿರುವವನನ್ನು ಅದು ಉಳಿಸುವುದಿಲ್ಲ. ಮಲಗಿಸಿ ಕಾಲು ಎತ್ತಿಡಿ, ಉಸಿರಾಟ ಕಷ್ಟ ಅಂದರೆ ಮಾತ್ರ ಕೂರಿಸಿ, ನಾನು ಎಷ್ಟೇ ಹಟ ಮಾಡಿದರೂ ಎದ್ದು ನಿಲ್ಲಲು ಬಿಡಬೇಡಿ. ಮಂಡಿ ನೋವಿಗೆ ಈಗ ಡಾಕ್ಟರ್ ಹೇಳಿದ ಪ್ಯಾರಾಸೆಟಮಾಲ್ ಮಾತ್ರ. ಇದೂ ಅವರಿಗೆಲ್ಲ ಗೊತ್ತು.

ಹೋದ ವರ್ಷ ಅದು ಕೆಲಸಕ್ಕೆ ಬಂತು. ಬೇರೆ ಘಟಕದ ಅಡುಗೆಮನೆಯಲ್ಲಿ ಊಟ, ಅದಾಗಿ ಒಂದೂವರೆ ಗಂಟೆ ಬಿಟ್ಟು ಗುಡ್ಡ ಹತ್ತುವುದು. ಮಾತಾಡುತ್ತಾ ನಡೆಯುತ್ತಿದ್ದವನು ಸುಮ್ನೆ ಅಂಗೈಯನ್ನು ಬೆಲ್ಟಿಗೆ ಉಜ್ಜಿಕೊಂಡೆ. ನನಗೇ ಗಮನವಿರಲಿಲ್ಲ. ಹಿಂದಿದ್ದ ಹುಡುಗ ನೋಡಿ "ಅಣ್ಣಾ, ನಿಲ್ಲಿ, ಕೈ ತೋರಿಸಿ" ಅಂದ. ನಾನು ಏನಿಲ್ಲ ಅನ್ನುವುದರೊಳಗೆ ಕುತ್ತಿಗೆ ಮೇಲೆ ಗಂದೆ, ತಲೆ ಸುತ್ತು. ಅವನು ಮಾತು ಬೆಳೆಸದೆ ಮಲಗಿಸಿ ಚುಚ್ಚಿದ. ಎರಡನೇ ಪೆನ್ ಬೇಕಾಗಲಿಲ್ಲ. ಕೆಳಗೆ ಹೊತ್ತು ತಂದರು, ಮತ್ತೆ ಮರುಕಳಿಸಬಹುದು ಅಂತ ಆಸ್ಪತ್ರೆಯಲ್ಲಿ ರಾತ್ರಿಯಿಡೀ ನೋಡಿಕೊಂಡರು.

ವಾಪಸ್ ಬಂದಾಗ ನಮ್ಮ ಮುಖ್ಯ ಅಡುಗೆಯವರು ಒಂದು ಹಳೇ ಬಿಸ್ಕತ್ತು ಡಬ್ಬಿ ತಂದು ಕೈಗಿಟ್ಟರು. ಆ ವಾರ ಅಡುಗೆಗೆ ಒಡೆದ ಪ್ರತಿ ಪ್ಯಾಕೆಟ್ಟಿನ ಲೇಬಲ್ ಕತ್ತರಿಸಿ, ಹಿಂದೆ ಪೆನ್ಸಿಲ್‌ನಲ್ಲಿ ದಿನ ಬರೆದು ಅದರಲ್ಲಿ ಜೋಡಿಸಿದ್ದರು. ಈಗಲೂ ತುಂಬಿಸುತ್ತಿದ್ದಾರೆ. ಭಾನುವಾರ ಸಂಜೆ ಇಬ್ಬರೂ ಕೂತು ಓದುತ್ತೇವೆ.